ಎರಡನೆಯ ಡಿಸ್ಕ್

ಕಪ್ಪು ಪರದೆಯ ಮೇಲೆ ಮತ್ತೆ ಅದೇ ಬಿಳಿ ಅಕ್ಷರಗಳು ಬಂದು ನಿಂತವು. ಕಂಪ್ಯೂಟರನ್ನು ಎಬ್ಬಿಸುವ ಡಿಸ್ಕ್ ಕಾಣಿಸುತ್ತಿಲ್ಲ, ಡಿಸ್ಕ್ ಹಾಕಿ ಯಾವುದಾದರೂ ಕೀ ಒತ್ತಿ ಎನ್ನುತ್ತಿದ್ದವು.

ಜಯಂತಿ ಒತ್ತಿದಳು. ಕೆಳಗೆ ಅದೇ ಸಾಲು ಇನ್ನೊಮ್ಮೆ ಮೂಡಿತು.

"ಏನಂತೈತೆ ತಾಯಿ ಅದು?" ಎಂದಳು ಮುನಿರತ್ನಮ್ಮ. ಸ್ಟೂಲಿನ ತುದಿಯಲ್ಲಿ ಕೂತು ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದ್ದುಕೊಂಡಿದ್ದಳು. ಗಂಡ ಸತ್ತು ತಿಂಗಳು ತುಂಬುವ ಮೊದಲೇ ಹೊಸ್ತಿಲು ದಾಟಿ ಅವಲಪಲ್ಲಿಯಲ್ಲಿರುವ ಜಯಂತಿಯ ಈ ಕಂಪ್ಯೂಟರ್ ರಿಪೇರಿ ಅಂಗಡಿಯವರೆಗೆ ಬಂದಿದ್ದಳು. ಅದಕ್ಕೆ ಊರು ಏನೆನ್ನುತ್ತದೆ ಎಂಬುದು ಅವಳಿಗೆ ಗೊತ್ತಿರದ ಸಂಗತಿಯಲ್ಲ.

"ಡಿಸ್ಕೇ ಇಲ್ಲ ಅಂತೈತಕ್ಕ."

"ಕಣ್ಮುಂದೇನೇ ಐತಲ್ಲ! ಈಗಿನ್ನ ನೀನೇ ತೋರಿಸ್ದೆ."

"ಅದೇ ನಂಗೂ ಅರ್ಥವಾಗ್ತಿಲ್ಲ."

ತಳಿ ರಸ್ತೆಯ ಗುಲಾಬಿ ತೋಟದ ಯಜಮಾನ, ಮುನಿರತ್ನಮ್ಮನ ಗಂಡ ಹನುಮಂತರಾಯಪ್ಪ ತನ್ನದೇ ಹೊಂಡದಲ್ಲಿ ಹೆಣವಾಗಿ ತೇಲಿದ ರಾತ್ರಿ ತೋಟದ ಕ್ಯಾಮೆರಾಗಳು ಕಂಡದ್ದೆಲ್ಲ ತೋಟದ ಆಫೀಸಿನ ಈ ಕಂಪ್ಯೂಟರ್ ಪೆಟ್ಟಿಗೆಯಲ್ಲಿರಬೇಕಿತ್ತು. ಆತನನ್ನು ಹೊಂಡಕ್ಕೆ ತಳ್ಳಿದನೆಂಬ ಅನುಮಾನದ ಮೇಲೆ, ಅಲ್ಲೇ ಕೆಲಸಕ್ಕಿದ್ದ ಜಯಂತಿಯ ತಮ್ಮ ಮುನೀಶ್ ನಿನ್ನೆಯಿಂದ ಠಾಣೆಯಲ್ಲಿದ್ದ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಷ್ಟರೊಳಗೆ ಈ ಪೆಟ್ಟಿಗೆ ಬಾಯಿ ಬಿಡಬೇಕಿತ್ತು.

"ಪೊಲೀಸ್ನೋರು ಬಂದು ನೋಡಿದ್ರು ಕಣಮ್ಮ," ಎಂದಳು ಮುನಿರತ್ನಮ್ಮ. "ಎದ್ದೇಳ್ತಿಲ್ಲ ಅಂದ್ಕೂಡ್ಲೆ 'ರೆಡಿ ಪಣ್ಣಿ ಕೊಂಡು ವಾಂಗಮ್ಮ', ಸರಿ ಮಾಡಿಸ್ಕೊಂಡು ಬನ್ನಿ ಅಂದ್ಬುಟ್ಟು ಹೋದ್ರು. ನಂಗೆ ನೀನು ಬಿಟ್ರೆ ಇನ್ಯಾರು ಗೊತ್ತು? ನಿನ್ ತಮ್ಮ ಅಂಥೋನಲ್ಲ ಅಂತ ನನ್ ಮನಸ್ಸು ಹೇಳ್ತೈತೆ."

ಆ ಮಾತು ಕೇಳಿದಾಗಲೆಲ್ಲ ಜಯಂತಿಗೆ ಧೈರ್ಯಕ್ಕಿಂತ ಭಯವೇ ಹೆಚ್ಚಾಗುತ್ತಿತ್ತು. ನಂಬಿ ಬಂದವರ ಕೆಲಸ ಕೆಡಬಾರದು.

ಅಂಗಡಿಯ ಬಾಗಿಲಲ್ಲಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿದ್ದವನು ಸುಬ್ರಮಣಿ. ಮುನಿರತ್ನಮ್ಮನ ಒಡಹುಟ್ಟಿದ ತಮ್ಮ. ಅಕ್ಕನ ಮಗಳನ್ನೇ ಮದುವೆಯಾಗಿ ಅಳಿಯನೂ ಆದವನು. ಭಾವ ಹೋದ ಮೇಲೆ ತೋಟ, ಜೀಪು, ಹೂವಿನ ಲೋಡು ಎಲ್ಲ ಅವನ ಕೈಗೇ ಬಂದಿತ್ತು.

"ಏನ್ ಜಯಂತಮ್ಮ, ಬೆಳಿಗ್ಗೆಯಿಂದ ಅದ್ರ ಹೊಟ್ಟೆ ಕುಯ್ಕೊಂಡು ಕೂತಿದ್ದೀಯ. ಕೋಳಿ ಆಗಿದ್ರೆ ಇಷ್ಟೊತ್ತಿಗೆ ಸಾರೂ ಆಗಿರೋದು. ಫಾರ್ಮ್ಯಾಟ್ ಹೊಡ್ದು ಹೊಸದಾಗಿ ವಿಂಡೋಸ್ ಹಾಕ್ಬುಡು, ಬಿಲ್ ಹಾಕ್ಬೇಕು ನಾವು."

"ಫಾರ್ಮ್ಯಾಟ್ ಮಾಡಿದ್ರೆ ಒಳಗೆ ಇರೋದೂ ಹೋಗ್ತದಣ್ಣ."

"ಏನೈತೆ ಅದ್ರಲ್ಲಿ ಹೋಗಕ್ಕೆ?"

ಜಯಂತಿ ಆ ಮಾತನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಳು. ಒಳಗೆ ಏನೂ ಇಲ್ಲವೆಂಬುದು ಇವನಿಗೆ ಹೇಗೆ ಗೊತ್ತು? ಅಥವಾ ಬಾಯಿಗೆ ಬಂದದ್ದನ್ನು ಆಡಿದನೋ? ಜನ ಸುಮ್ಮನೆ ಆಡುವ ಮಾತಿಗೂ ಅರ್ಥ ಹುಡುಕುವುದು ಅವಳ ಹಳೆಯ ಚಾಳಿ. ಈ ದಿನಗಳಲ್ಲಿ ಅದು ಅವಳನ್ನು ನಿದ್ದೆ ಮಾಡಲೂ ಬಿಡುತ್ತಿರಲಿಲ್ಲ.

ಕೇಬಲ್ ಬದಲಾಯಿಸಿ ನೋಡಿದ್ದಾಗಿತ್ತು. ಡಿಸ್ಕನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿಯೂ ನೋಡಿದ್ದಳು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಡಿಸ್ಕು, ಹೊಸದು, ಒಂದು ಚೂರೂ ಕೆಟ್ಟಿರಲಿಲ್ಲ. ಒಳಗೆ ವಿಂಡೋಸ್ ಪೂರ್ತಿಯಾಗಿ ಕೂತಿತ್ತು. ತೋಟದ ಬಿಲ್ಲುಗಳಿಲ್ಲ, ಫೋಟೋಗಳಿಲ್ಲ, ಕ್ಯಾಮೆರಾ ರೆಕಾರ್ಡಿಂಗ್ ಇಲ್ಲ. ಬಾಡಿಗೆಗೆ ಬಿಟ್ಟ ಹೊಸ ಮನೆಯಂತೆ ಗುಡಿಸಿ ಒರೆಸಿ ಇಟ್ಟಿತ್ತು.

ವಿಂಡೋಸ್ ಇದೆ, ಡಿಸ್ಕ್ ಗಟ್ಟಿಯಾಗಿದೆ, ಆದರೂ ಎದ್ದೇಳುವುದಿಲ್ಲ. ರೋಗವೇ ಇಲ್ಲದ ಮನುಷ್ಯ ಕಣ್ಣು ಬಿಡದೆ ಮಲಗಿದ ಹಾಗೆ.

ರಿಪೇರಿ ಮಾಡುವ ದಾರಿ ಹಿಡಿದಳು, ಆಗುವುದಿಲ್ಲ ಎಂದಿತು. ಕೊನೆಗೆ ಸುಬ್ರಮಣಿ ಹೇಳಿದ ದಾರಿಯೇ ಉಳಿಯಿತೇನೋ ಎಂದುಕೊಂಡು ವಿಂಡೋಸ್ ಇದ್ದ ಪೆನ್‌ಡ್ರೈವ್ ಚುಚ್ಚಿ, ಎಲ್ಲಿ ಇನ್‌ಸ್ಟಾಲ್ ಮಾಡಲಿ ಎಂದು ಕೇಳುವ ಪುಟದವರೆಗೆ ಹೋದಳು. ಡಿಸ್ಕಿನ ಭಾಗಗಳೆಲ್ಲ ಸಾಲಾಗಿ ಕಾಣುವ ಪುಟ ಅದು. ಹಳೆಯದನ್ನು ಅಳಿಸಿ ಹೊಸದಾಗಿ ಭಾಗ ಮಾಡುವುದು ಇಲ್ಲೇ. ಒಂದು ಸಲ ಅಳಿಸಿದರೆ ಮುಗಿಯಿತು.

ಅಳಿಸುವ ಗುಂಡಿಯ ಮೇಲೆ ಬಾಣ ತಂದು ನಿಲ್ಲಿಸಿದವಳು ಒತ್ತದೆ ಹಾಗೆಯೇ ಕೂತಳು.

ಪುಟದಲ್ಲಿ ಒಂದೇ ಒಂದು ಸಾಲಿತ್ತು.

ಒಂದೇ ಇರುವಂತಿಲ್ಲ. ವಿಂಡೋಸ್ ಹಾಕುವಾಗ ಅದು ತನಗಾಗಿ ಒಂದು ಪುಟ್ಟ ಭಾಗವನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಅದಕ್ಕೆ ಹೆಸರಿಲ್ಲ, ಯಾರೂ ಅದನ್ನು ತೆರೆಯುವುದಿಲ್ಲ. ಕಂಪ್ಯೂಟರನ್ನು ಎಬ್ಬಿಸುವುದು ಮಾತ್ರ ಅದೇ. ಇಲ್ಲಿ ಅದು ಇರಲಿಲ್ಲ. ಅಳಿಸಿದ ಗುರುತೂ ಇಲ್ಲ. ಅದಕ್ಕೆಂದು ಬಿಟ್ಟ ಜಾಗವೂ ಇಲ್ಲ. ಈ ಡಿಸ್ಕಿನಲ್ಲಿ ಅದು ಹುಟ್ಟಿಯೇ ಇರಲಿಲ್ಲ.

"ಹುಟ್ಟದೆ ಎಲ್ಲಿ ಹೋಯ್ತು?" ಎಂದು ಬಾಯಿ ಬಿಟ್ಟೇ ಕೇಳಿಕೊಂಡಳು.

"ಯಾರಮ್ಮ?"

"ಯಾರೂ ಇಲ್ಲಕ್ಕ." ಜಯಂತಿ ಡಿಸ್ಕನ್ನು ಮತ್ತೆ ತನ್ನ ಕಂಪ್ಯೂಟರಿಗೆ ಜೋಡಿಸಿ ವಿಂಡೋಸ್ ಹಾಕಿದ ದಿನ ಯಾವುದೆಂದು ನೋಡಿದಳು. ಶುಕ್ರವಾರ. ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದಳು. ಆ ಶುಕ್ರವಾರ ಹನುಮಂತರಾಯಪ್ಪನನ್ನು ಮಣ್ಣು ಮಾಡಿಯಾಗಿತ್ತು. ಹನ್ನೊಂದನೆಯ ದಿನದ ಕಾರ್ಯ ಇನ್ನೂ ಆಗಿರಲಿಲ್ಲ.

"ಅಕ್ಕ, ಸೂತಕದಲ್ಲಿ ಆಫೀಸ್ ರೂಮ್ ತೆಗ್ದಿದ್ರಾ?"

"ಶಿವಶಿವ! ಯಾರು ತೆಗೀತಾರೆ? ಹತಾರ ಮುಟ್ಟಂಗಿಲ್ಲ, ಮಿಷನ್ ಮುಟ್ಟಂಗಿಲ್ಲ. ಕತ್ತರಿ ಹಿಡಿಯೋರಿಲ್ದೆ ಹೂವೆಲ್ಲ ಗಿಡದಲ್ಲೇ ಅರಳಿ ಉದುರೋದ್ವು. ನಮ್ ಮೈದ ತಿಮ್ಮರಾಯಪ್ಪನ ಮನೆಯೋರು, ದಾಯಾದಿಗಳು, ಎಲ್ಲಾರೂ ಕೈ ಕಟ್ಕೊಂಡು ಕೂತಿದ್ರು. ಕಾರ್ಯ ಆಗಿ ನೀರು ಚಿಮುಕಿಸಿದ ಮೇಲೇನೇ ಬೀಗ ತೆಗ್ದಿದ್ದು."

"ಬೀಗದ ಕೈ ಯಾರ ಹತ್ರ ಇತ್ತು?"

ಮುನಿರತ್ನಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನಾನಂತೂ ಮುಟ್ಟಂಗಿರ್ಲಿಲ್ಲ. ಸೂತಕ ಇಲ್ದೋರ ಕೈಗೆ ಕೊಟ್ಟಿದ್ದೆ."

ಇಬ್ಬರೂ ಒಮ್ಮೆಗೇ ಬಾಗಿಲ ಕಡೆ ನೋಡಿದರು. ಸತ್ತವನ ಅಣ್ಣತಮ್ಮಂದಿರಿಗೆಲ್ಲ ಸೂತಕ. ಹೆಂಡತಿಯ ತಮ್ಮನಿಗೆ ಯಾವ ಸೂತಕ? ಮನೆ ಮೈಲಿಗೆಯಾಗದಿರಲೆಂದು ಮಾಡಿದ ಏರ್ಪಾಡಿನಲ್ಲಿ ಇಡೀ ತೋಟದ ಕಾವಲು ಒಬ್ಬನೇ ಒಬ್ಬನ ಜೇಬಿಗೆ ಸೇರಿತ್ತು.

ಸುಬ್ರಮಣಿ ಫೋನಿನಲ್ಲಿ ಯಾರಿಗೋ ತಮಿಳಿನಲ್ಲಿ ಹೂವಿನ ರೇಟು ಹೇಳುತ್ತಿದ್ದ.

ಜಯಂತಿ ಟಾರ್ಚ್ ಹಿಡಿದು ಪೆಟ್ಟಿಗೆಯೊಳಗೆ ಬಗ್ಗಿದಳು. ತೋಟದ ಕೆಂಪು ದೂಳು ಒಳಗೆಲ್ಲ ತೆಳ್ಳಗೆ ಹಾಸಿತ್ತು. ಕೆಳಗಿನ ಗೂಡಿನಲ್ಲಿ ಮಾತ್ರ ಒಂದು ಇಟ್ಟಿಗೆಯಗಲ ಜಾಗ ಸ್ವಚ್ಛವಾಗಿತ್ತು. ಪಕ್ಕದಲ್ಲೊಂದು ಕೇಬಲ್ಲಿನ ತುದಿ ಯಾವುದಕ್ಕೂ ಸೇರದೆ ನೇತಾಡುತ್ತಿತ್ತು. ಬೆಳಿಗ್ಗೆಯೇ ಅದನ್ನು ಕಂಡಿದ್ದಳು. ಕಂಪ್ಯೂಟರ್ ಪೆಟ್ಟಿಗೆಗಳಲ್ಲಿ ಇಂಥ ಬಿಡಿ ಕೇಬಲ್ ಯಾವಾಗಲೂ ಇರುತ್ತದೆಂದು ಸುಮ್ಮನಾಗಿದ್ದಳು.

ಈಗ ಅವಳು ಆ ತುದಿಯನ್ನು ಕೈಗೆತ್ತಿಕೊಂಡು ನೋಡಿದಳು. ಅಷ್ಟು ಚಿಕ್ಕ ಡಿಸ್ಕಿನಲ್ಲಿ ತೋಟದ ಕ್ಯಾಮೆರಾಗಳೆಲ್ಲ ಹಗಲಿರುಳು ತುಂಬಿದ್ದು ಹಿಡಿಯುವುದಾದರೂ ಹೇಗೆ? ಇದು ಮೊದಲೇ ಹೊಳೆಯಬೇಕಿತ್ತು.

"ಅಕ್ಕ, ಇದ್ರಲ್ಲಿ ಇನ್ನೊಂದು ಡಿಸ್ಕ್ ಇತ್ತು. ದೊಡ್ಡದು."

"ಅಂಗಂದ್ರೆ?"

"ವಿಂಡೋಸ್ ಹಾಕ್ವಾಗ ಎರಡು ಡಿಸ್ಕೂ ಒಳಗೇ ಇದ್ರೆ ಒಂದೊಂದು ಸಲ ಇಂಗಾಗ್ತದೆ. ವಿಂಡೋಸ್ ನಾವು ಹೇಳಿದ ಡಿಸ್ಕಿಗೆ ಹೋಗ್ತದೆ. ಅದನ್ನ ಎಬ್ಬಿಸೋ ಚಿಕ್ಕ ಭಾಗ ಮಾತ್ರ ಇನ್ನೊಂದರಲ್ಲಿ ಹೋಗಿ ಕೂತ್ಕಳ್ತದೆ. ಹಾಕ್ದೋರಿಗೂ ಗೊತ್ತಾಗಲ್ಲ. ಆಮೇಲೆ ಆ ಇನ್ನೊಂದನ್ನ ಕಿತ್ಬಿಟ್ರೆ..."

"ಮೋಟ್ರು ನಮ್ ಬಾವೀಲಿ, ಸ್ಟಾರ್ಟರ್ ಪಕ್ಕದ ತೋಟದ ಶೆಡ್ಡಲ್ಲಿ," ಎಂದಳು ಮುನಿರತ್ನಮ್ಮ.

"ಅಷ್ಟೇ ಅಕ್ಕ. ಅಷ್ಟೇ."

ಕಿತ್ತವನಿಗೆ ಡಿಸ್ಕು ಬೇಕಿತ್ತು. ಕಿತ್ತರೆ ಪೆಟ್ಟಿಗೆ ಎದ್ದೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಎದ್ದಿದ್ದರೆ ಪೊಲೀಸರು ಖಾಲಿ ಕಂಪ್ಯೂಟರ್ ನೋಡಿ ಹೊರಟುಹೋಗುತ್ತಿದ್ದರು. ಇನ್ನೊಂದು ಡಿಸ್ಕಿನ ಸುದ್ದಿಯೇ ಹುಟ್ಟುತ್ತಿರಲಿಲ್ಲ.

ಜಯಂತಿ ಎದ್ದು ಬಾಗಿಲಿಗೆ ಹೋದಳು. ದನಿ ಮೆಲ್ಲಗಿದ್ದರೆ ಸಾಕು, ನಡುಗದಿದ್ದರೆ ಸಾಕು ಎಂದುಕೊಂಡಳು.

"ಸುಬ್ರಮಣಿಯಣ್ಣ, ಈ ಸಿಪಿಯು ಒಳಗೆ ಎಷ್ಟು ಡಿಸ್ಕ್ ಇತ್ತು?"

ಅವನು ಫೋನನ್ನು ಎದೆಗೆ ಒತ್ತಿಕೊಂಡ. "ಒಂದು. ಯಾಕೆ, ಮರಿ ಹಾಕೈತಾ?"

"ಒಂದೇ ಇದ್ದಿದ್ರೆ ಇದು ಇಷ್ಟೊತ್ತಿಗೆ ಎದ್ದು ಕೂತಿರೋದು."

"ಎದ್ದೇಳ್ಸಕ್ಕೆ ಬರ್ದೆ ಇದ್ರೆ ಬರಲ್ಲ ಅಂತ ಹೇಳಮ್ಮ. ಬಾಗಲೂರಲ್ಲಿ ಇನ್ನೊಬ್ಬ ಅವ್ನೆ, ತೋರಿಸ್ಕೊಂತೀವಿ."

"ಸೂತಕದ ಶುಕ್ರವಾರ ಆಫೀಸ್ ರೂಮಲ್ಲಿ ಇದಕ್ಕೆ ಹೊಸ ವಿಂಡೋಸ್ ಹಾಕಿದ್ದಾರೆ. ಅವತ್ತು ಎರಡು ಡಿಸ್ಕಿತ್ತು. ಬೀಗದ ಕೈ ನಿಮ್ಮ ಹತ್ರ ಇತ್ತು."

ಫೋನಿನ ಆಚೆಗಿನ ದನಿ ಇನ್ನೂ ರೇಟು ಕೇಳುತ್ತಿತ್ತು. ಸುಬ್ರಮಣಿ ಅದನ್ನು ಆರಿಸಿದ.

"ನಾನು? ವಿಂಡೋಸ್?" ಎಂದು ನಕ್ಕ. "ಅಕ್ಕ, ಕೇಳಿದ್ಯಾ? ವಾಟ್ಸಾಪಲ್ಲಿ ಗುಡ್ ಮಾರ್ನಿಂಗ್ ಕಳ್ಸಕ್ಕೂ ನಿನ್ ಮಗಳನ್ನೇ ಕರೀತೀನಿ."

"ಅದು ನಿಜ ಕಣಮ್ಮ," ಎಂದಳು ಮುನಿರತ್ನಮ್ಮ ಗೊಂದಲದಿಂದ. "ಇವ್ನಿಗೆ ಅದೆಲ್ಲ ಬರಲ್ಲ."

ಜಯಂತಿಗೂ ಅದು ಗೊತ್ತಿತ್ತು. ಹಗ್ಗದ ಒಂದು ತುದಿ ಕೈಗೆ ಸಿಕ್ಕಿತೆನ್ನುವಾಗ ಇನ್ನೊಂದು ತುದಿ ಕತ್ತಲಿಗೆ ಜಾರಿತು. ಬೀಗ ತೆಗೆದವನು ಇವನೇ ಇರಬಹುದು. ಕೂತು ಕೆಲಸ ಮಾಡಿದವನು ಬೇರೆ ಯಾರೋ.

"ನಿಮಗೆ ಬರಲ್ಲ. ಬರೋರನ್ನ ಕರ್ಕೊಂಡು ಬಂದಿದ್ರಿ."

ಸುಬ್ರಮಣಿ ಈಗ ನಗಲಿಲ್ಲ. ಅಕ್ಕನ ಕಡೆಗೂ ನೋಡಲಿಲ್ಲ.

"ಲೋ ಸುಬ್ರಮಣಿ." ಮುನಿರತ್ನಮ್ಮ ಸ್ಟೂಲಿನಿಂದ ಎದ್ದಿದ್ದಳು. "ನನ್ ಮೊಕ ನೋಡ್ಲಾ. ಅವರನ್ನ ಹೊಂಡದಿಂದ ಎತ್ವಾಗ ಕಾಲು ಹಿಡ್ಕೊಂಡೋನು ನೀನು. ಗುಂಡಿಗೆ ಮೂರಿಡಿ ಮಣ್ಣು ಹಾಕ್ದೋನು ನೀನು. ಸೂತಕದ ಮನೇಲಿ ಕದ್ದು ಬಾಗ್ಲು ತೆಗ್ದೆಯೇನ್ಲಾ?"

"ಅಕ್ಕ, ಅದು ಅಂಗಲ್ಲ..."

"ಇಂಗಾದ್ರೂ ಹೇಳು. ನನ್ ತಮ್ಮನೇ ಆಗ್ಲಿ, ಅಳಿಯನೇ ಆಗ್ಲಿ, ನಾನು ಮುಚ್ಚಾಕೋಳಲ್ಲ. ಅಪ್ಪನ್ನ ಕಳ್ಕೊಂಡಿರೋಳು ನಿನ್ ಹೆಂಡ್ತೀನೂ ಹೌದು ಕಣ್ಲಾ!"

ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ಜಯಂತಿ ಬಾಗಿಲನ್ನು ಅರ್ಧ ಮುಂದೆ ಮಾಡಿದಳು.

ಸುಬ್ರಮಣಿ ತಿರುಗಿ ಜೀಪಿನ ಕಡೆ ನಡೆದ. ಓಡಿಹೋಗುತ್ತಾನೆಂದೇ ಜಯಂತಿ ಎಣಿಸಿದ್ದಳು. ಅವನು ಸೀಟಿನ ಕೆಳಗೆ ಕೈಹಾಕಿ, ಗುಲಾಬಿ ಕಟ್ಟುಗಳಿಗೆ ಸುತ್ತುವ ಗೆರೆಗೆರೆಯ ರಟ್ಟಿನ ಪೊಟ್ಟಣವೊಂದನ್ನು ತಂದು ಮೇಜಿನ ಮೇಲಿಟ್ಟ.

"ತಗೊಳಮ್ಮ. ನೋಡ್ಲೇಬೇಕಲ್ವಾ ನಿಂಗೆ? ನೋಡು."

ಬಿಚ್ಚಿದಳು. ದೊಡ್ಡ ಡಿಸ್ಕು.

ಸಿಕ್ಕಿಬಿದ್ದವನು ಹೀಗೆ ತಂದುಕೊಡುತ್ತಾನೆಯೇ? ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಂದ ನೆಂಟರಿಗೆ ಬಡಿಸಿ, ಉಣ್ಣುವುದನ್ನೇ ನೋಡುತ್ತ ನಿಂತವನ ಹಾಗಿದ್ದ. ಜಯಂತಿಗೆ ಅದು ಬಗೆಹರಿಯಲಿಲ್ಲ. ಆದರೆ ಡಿಸ್ಕು ಕೈಯಲ್ಲಿತ್ತು, ಮಧ್ಯಾಹ್ನ ಜಾರುತ್ತಿತ್ತು, ಠಾಣೆಯಲ್ಲಿ ಮುನೀಶ್ ಇದ್ದ. ಹೆಚ್ಚು ಯೋಚಿಸದೆ ಎರಡು ಡಿಸ್ಕುಗಳನ್ನೂ ಅವುಗಳ ಗೂಡಿಗೆ ಸೇರಿಸಿದಳು. "ಎಬ್ಬಿಸೋ ಭಾಗ ಇದ್ರಲ್ಲಿ ಹೋಗಿ ಕೂತೈತೆ ಅಂದ್ರೆ, ಇದನ್ನೂ ಅಳ್ಸಿ ಹೊಸದಾಗಿ ಭಾಗ ಮಾಡಿದ್ದಾರಕ್ಕ," ಎಂದಳು.

"ಅಳ್ಸಿದ್ರೂ ಸಿಗ್ತದಾ?" ಎಂದಳು ಮುನಿರತ್ನಮ್ಮ.

"ಹೊಲದ ಬದು ಕಿತ್ತಾಕಿದ ಮಾತ್ರಕ್ಕೆ ಮಣ್ಣು ಹೋಗಲ್ವಲ್ಲಕ್ಕ. ಮೇಲೆ ಹೊಸದೇನೂ ಬಿತ್ತಿಲ್ಲ ಅಂದ್ರೆ ಹಳೆ ರೆಕಾರ್ಡಿಂಗ್ ಅಡಿಯಲ್ಲಿ ಇನ್ನೂ ಇರಬೋದು. ಅದಕ್ಕಿಂತ ಮುಂಚೆ ಒಂದು ಮಾತು." ಜಯಂತಿ ಬೇಕೆಂದೇ ಸುಬ್ರಮಣಿಗೆ ಕೇಳುವಂತೆ ಹೇಳಿದಳು. "ಇದನ್ನ ಹೊಸದಾಗಿ ಭಾಗ ಮಾಡ್ದೋನು ಯಾರೋ, ಆ ರಾತ್ರಿ ಕಂಡಿದ್ದನ್ನ ಅಳ್ಸಿದೋನೂ ಅವ್ನೇ. ತಪ್ಪಿಲ್ದೋನು ಯಾಕೆ ಅಳಿಸ್ತಾನೆ? ಪೊಲೀಸ್ನೋರು ಹಿಡೀಬೇಕಾಗಿರೋದು ಅವನನ್ನ."

"ಯಾರೇ ಆಗಿದ್ರೂ ನಂಗೆ ಹೇಳ್ತೀಯಲ್ಲ?"

"ಹೇಳ್ತೀನಕ್ಕ."

ಗುಂಡಿ ಒತ್ತಿದಳು. ಫ್ಯಾನ್ ಗುಯ್ಗುಟ್ಟಿತು. ಕಪ್ಪು ಪರದೆ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ನೀಲಿ ಬೆಳಕು ಹರಡಿತು. ಕಂಪ್ಯೂಟರ್ ಎದ್ದಿತು.

ಮುನಿರತ್ನಮ್ಮ ಕೈಮುಗಿದಳು. ಅವಳ ಕಣ್ಣಲ್ಲಿ ನೀರಿತ್ತು.

ಜಯಂತಿ ಎರಡೂ ಡಿಸ್ಕುಗಳ ಭಾಗಗಳನ್ನು ತೋರಿಸುವ ಚಿತ್ರವನ್ನು ಪರದೆಯ ಮೇಲೆ ತೆರೆದಳು. ಮೇಲಿನ ಪಟ್ಟಿ ದೊಡ್ಡ ಡಿಸ್ಕಿನದು. ಮೊದಲಿಗೆ, ಬೆಳಿಗ್ಗೆಯಿಂದ ಅವಳು ಹುಡುಕುತ್ತಿದ್ದ ಆ ಪುಟ್ಟ ಭಾಗ. ಅದರ ಪಕ್ಕ ಉದ್ದಕ್ಕೆ ಚಾಚಿದ ನೀಲಿ ಭಾಗ. ಹೊಸದು, ಒಳಗೆ ಏನನ್ನೂ ತುಂಬಿಲ್ಲ. ಮಾಡಿದ ದಿನ ಅದೇ ಶುಕ್ರವಾರ. ಅಡಿಯ ಮಣ್ಣು ಹಾಗೇ ಇದೆ ಎಂದು ಹಿಗ್ಗುವಷ್ಟರಲ್ಲಿ ಅವಳ ಕಣ್ಣು ಪಟ್ಟಿಯ ತುದಿಗೆ ಬಂದು ನಿಂತಿತು.

ತುದಿಯಲ್ಲಿ ಯಾವ ಭಾಗಕ್ಕೂ ಸೇರಿಸದೆ ಬಿಟ್ಟ ಒಂದು ಕಪ್ಪು ತುಂಡಿತ್ತು.

ರಿಪೇರಿಯವರು ಯಾರೂ ಹೀಗೆ ಬಿಡುವುದಿಲ್ಲ. ಇರುವ ಜಾಗವನ್ನೆಲ್ಲ ಬಳಸುತ್ತಾರೆ. ಜಯಂತಿ ಮಾತ್ರ ಬಿಡುತ್ತಾಳೆ. ರಾಗಿ ಕೊಯ್ಯುವಾಗ ಅವಳ ಅಪ್ಪ ಹೊಲದ ಒಂದು ಮೂಲೆಯನ್ನು ಕೊಯ್ಯದೆ ಬಿಡುತ್ತಿದ್ದ. ಅದು ಹಕ್ಕಿ ಪಾಲು ಎನ್ನುತ್ತಿದ್ದ. ಮೊದಲ ಡಿಸ್ಕನ್ನು ಭಾಗ ಮಾಡಿದ ದಿನ ಅದು ನೆನಪಾಗಿ, ತಮಾಷೆಗೆಂಬಂತೆ ತುದಿಯಲ್ಲೊಂದು ತುಂಡು ಬಿಟ್ಟಿದ್ದಳು. ಆಮೇಲೆ ಬಿಡದೆ ಇರಲು ಮನಸ್ಸಾಗಲಿಲ್ಲ. ಯಾರಿಗೂ ಹೇಳಿಕೊಡುವ ವಿದ್ಯೆಯಲ್ಲ ಅದು. ಪಕ್ಕದಲ್ಲಿ ಕೂತು ನೋಡಿ ಕಲಿತವನು ಒಬ್ಬನೇ.

ಮಣ್ಣಾದ ಮೇಲೆ ಆ ತೋಟದ ಕಡೆ ತಲೆ ಹಾಕಿಲ್ಲಕ್ಕ ಎಂದು ಠಾಣೆಯ ಕಿಟಕಿಯ ಹಿಂದೆ ನಿಂತು ಹೇಳಿದ್ದವನೂ ಅವನೇ.

ಮುನೀಶಾ, ಏನು ಮಾಡಿದೆಯೋ? ಹೆದರಿಸಿ ಮಾಡಿಸಿದರೇ? ಅಥವಾ ಅಳಿಸಬೇಕಾದದ್ದು ನಿನಗೇ ಇತ್ತೇ? ಎಬ್ಬಿಸುವ ಭಾಗವನ್ನು ಈ ಡಿಸ್ಕಿನಲ್ಲಿ ಬಿಟ್ಟದ್ದು ಅವಸರದ ತಪ್ಪೋ, ಅಕ್ಕನ ಕಣ್ಣಿಗೆ ಬೀಳಲಿ ಎಂದು ಬೇಕೆಂದೇ ಬಿಟ್ಟದ್ದೋ? ಯಾವುದಕ್ಕೂ ತಲೆಬುಡ ಕಾಣಲಿಲ್ಲ. ಕಂಡದ್ದು ಒಂದೇ: ಈಗ ತಾನೇ ಗಟ್ಟಿಯಾಗಿ ಹೇಳಿದ ಮಾತು. ಭಾಗ ಮಾಡಿದವನೇ ಅಳಿಸಿದವನು, ಹಿಡಿಯಬೇಕಾದದ್ದು ಅವನನ್ನು.

"ಆ ತುದೀಲಿ ಕರ್ರಗೆ ಕಾಣ್ತೈತಲ್ಲ, ಏನಮ್ಮ ಅದು?" ಮುನಿರತ್ನಮ್ಮ ಪರದೆಗೆ ಬೆರಳು ತೋರಿಸಿದಳು.

ಸ್ವಂತ ತಮ್ಮನನ್ನು ಬೀದಿ ಬಾಗಿಲಲ್ಲಿ ನಿಲ್ಲಿಸಿ ಕೇಳಿದ ಹೆಂಗಸು ಪಕ್ಕದಲ್ಲೇ ನಿಂತಿದ್ದಳು. ಜಯಂತಿಯ ನಾಲಿಗೆ ಅವಳ ಮನಸ್ಸಿಗಿಂತ ಮುಂದೆ ಓಡಿತು.

"ಏನೂ ಇಲ್ಲಕ್ಕ. ಸುಮ್ನೆ ಖಾಲಿ ಜಾಗ."

ಹಿಂದಿನಿಂದ ಸುಬ್ರಮಣಿ ಮೆಲ್ಲಗೆ ಕೆಮ್ಮಿದ.

"ಅವತ್ತು ನಾನೂ ಅದೇ ಕೇಳ್ದೆ ಕಣಮ್ಮ," ಎಂದ. ದನಿಯಲ್ಲಿ ಅವಸರವಿರಲಿಲ್ಲ. "ಏನೂ ಇಲ್ಲಣ್ಣ, ಹಕ್ಕಿ ಪಾಲು ಅಂದ."

ಪರದೆಯತ್ತ ಚಾಚಿದ್ದ ಮುನಿರತ್ನಮ್ಮನ ಕೈ ಮೆಲ್ಲಗೆ ಕೆಳಗಿಳಿಯಿತು.

"ಯಾರು ಅಂದಿದ್ದು?" ಎಂದು ಕೇಳಿದಳು. ಕೇಳುವಾಗ ಅವಳ ಕಣ್ಣು ನೆಟ್ಟಿದ್ದು ಜಯಂತಿಯ ಮುಖದ ಮೇಲೆ.